ಹೋಶುರನ ಬೀದಿಬಾಗಿಲಲ್ಲಿ ನಿಂತವರು

ಹೋಶುರ್ ಉಸ್ತಾದ್ ಬೆಳಗಿನ ಚಹಾ ಕುಡಿದ. ಬಟ್ಟಲನ್ನು ಮಗುಚಿಟ್ಟ. "ಸಲಾಮತ್, ಈ ದಿಂಬು ಒಂಚೂರು ಎತ್ತರ ಮಾಡು" ಎಂದ. ಹೆಂಡತಿ ಸಲಾಮತ್ ದಿಂಬು ಎತ್ತರ ಮಾಡಿ ಮುಖ ನೋಡಿದರೆ ಮನುಷ್ಯ ಹೋಗಿಯೇ ಬಿಟ್ಟಿದ್ದ. ಬದುಕಿದ್ದಷ್ಟು ಕಾಲ ಒಬ್ಬರಿಗೂ ಭಾರವಾಗದವನು ಹೋಗುವಾಗಲೂ ಆಗಲಿಲ್ಲ. ಅಂಥವನ ಹೆಂಡತಿ ಜಗಳ ಆಡುವುದಾದರೂ ಯಾರ ಹತ್ತಿರ, ಹೇಳಿ!

ಅಳು ಬಂತು, ಅತ್ತಳು. ಕಿರಿಯ ಮಗಳು ರೈಹಾನ ಓಡಿ ಬಂದಳು, ಅವಳೂ ಅತ್ತಳು. ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ಅಂಗಳ ಗುಡಿಸಿ, ಬಾವಿಯಿಂದ ನೀರು ಸೇದಿ, ಹಂಡೆ ಏರಿಸಿದರು. ಆಗ ಪಕ್ಕದ ಮನೆಯ ಮೈರಾಂ ಒಂದು ಮಾತು ಕೇಳಿದಳು. ಈ ಮೈರಾಂ ಕೆಟ್ಟವಳಲ್ಲ, ಆದರೆ ಅವಳ ನಾಲಿಗೆಗೂ ತಲೆಗೂ ನಡುವೆ ಬಾಗಿಲೇ ಇಲ್ಲ.

"ಅಲ್ಲ ಸಲಾಮತ್, ಬೀದಿಬಾಗಿಲಲ್ಲಿ ಯಾರನ್ನ ನಿಲ್ಲಿಸ್ತೀಯೇ?"

ಸಲಾಮತ್‌ಳ ಅಳು ಅಲ್ಲಿಗೇ ನಿಂತಿತು.

ಕಿರ್ಗಿಜ್ ನಾಡಿನ ಓಶ್ ಪಟ್ಟಣದ ನಮ್ಮ ಮೊಹಲ್ಲಾಗಳಲ್ಲಿ ಸತ್ತವನ ಬೀದಿಬಾಗಿಲು ಬರಿದಾಗಿ ಇರಕೂಡದು. ಗಂಡುಮಕ್ಕಳು, ಅಣ್ಣತಮ್ಮಂದಿರು, ಅಳಿಯಂದಿರು ನಿಲುವಂಗಿ ತೊಟ್ಟು, ಸೊಂಟಕ್ಕೆ ನಡುಪಟ್ಟಿ ಬಿಗಿದು ಸಾಲಾಗಿ ನಿಲ್ಲಬೇಕು. ಮೂರು ದಿನ. ಮಾತಾಡಿಸಲು ಬಂದವರನ್ನು ಕಂಡಾಗಲೆಲ್ಲ "ಅಯ್ಯೋ ನಮ್ಮಪ್ಪಾ!" ಎಂದು ಬೀದಿ ಕೊನೆಗೆ ಕೇಳುವ ಹಾಗೆ ಅಳಬೇಕು. ಸಾಲು ಉದ್ದ ಇದ್ದರೆ ಸತ್ತವನು ಬಾಳಿದವನು. ಬಾಗಿಲು ಖಾಲಿ ಇದ್ದರೆ, ಅಯ್ಯೋ ಪಾಪ, ದಿಕ್ಕಿಲ್ಲದವನು ಎಂದುಕೊಂಡು ಜನ ಮುಂದೆ ಹೋಗುತ್ತಾರೆ.

ಹೋಶುರನಿಗೆ ಮೂವರು ಹೆಣ್ಣುಮಕ್ಕಳು. ಗಂಡುಮಗ ಇಲ್ಲ. ದೊಡ್ಡ ಅಳಿಯ ಶೌಕತ್ ರಷ್ಯಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದ, ಎರಡನೆಯವನು ಆಲ್ಮಾಟಿಯಲ್ಲಿ ಲಾರಿ ಓಡಿಸುತ್ತಿದ್ದ. ಹಿರಿಯ ಹೆಣ್ಣುಮಕ್ಕಳಿಬ್ಬರೂ ಗಂಡಂದಿರ ಜೊತೆ ಅಲ್ಲಲ್ಲೇ ಇದ್ದರು. ರೈಹಾನಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಗಡಿಯಾಚೆಯ ಕಾಶ್ಗರಿನಲ್ಲಿ ಹೋಶುರ್ ಬಿಟ್ಟು ಬಂದ ಅಣ್ಣತಮ್ಮಂದಿರು ಇದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಮಣ್ಣು ಮಾಡುವುದು ಇವತ್ತೇ, ಮಧ್ಯಾಹ್ನದ ನಮಾಜು ಮುಗಿದ ಕೂಡಲೇ. ಅಳಿಯಂದಿರು ಬರುತ್ತಾರೆಂದು ಸತ್ತವನನ್ನು ಕಾಯಿಸುವ ಪದ್ಧತಿ ನಮ್ಮಲ್ಲಿಲ್ಲ.

"ಪರದೇಶಿ ಹಾಗೆ ಬಂದ್ರು, ಪರದೇಶಿ ಹಾಗೇ ಹೋಗ್ತಾರೆ ಅನ್ನಿಸ್ಬಿಡತ್ತಲ್ಲೇ ಮೈರಾಂ" ಎಂದಳು ಸಲಾಮತ್. ಗಂಡ ಸತ್ತ ದುಃಖ ಒಂದು ಕಡೆ. ಐವತ್ತು ವರ್ಷ ಇದೇ ಬೀದಿಯ ಮಣ್ಣು ತುಳಿದವನನ್ನು ಜನ ಖಾಲಿ ಬಾಗಿಲಿನಿಂದ ಎತ್ತಿಕೊಂಡು ಹೋಗುತ್ತಾರಲ್ಲ ಎಂಬ ಸಂಕಟ ಇನ್ನೊಂದು ಕಡೆ.

ರೈಹಾನ ಕಣ್ಣೊರೆಸಿಕೊಂಡು ಎದ್ದಳು. ಗೂಟದಲ್ಲಿದ್ದ ಅಪ್ಪನ ನಿಲುವಂಗಿ ತೆಗೆದು ತೊಟ್ಟುಕೊಂಡಳು. "ನಾನು ನಿಲ್ತೀನಿ ಅಮ್ಮ."

"ಹೆಣ್ಣುಹುಡುಗಿ ಬೀದಿಬಾಗಿಲಲ್ಲಾ? ಜನ ನಗಲ್ವಾ?" ಎಂದಳು ಮೈರಾಂ.

"ನಮ್ಮಜ್ಜಿ ಕೂತಿರ್ಲಿಲ್ವಾ ಮೈರಾಂ ಅತ್ತೆ? ಆಗ ನಗೋರು ನಕ್ಕಾಗಿದೆ, ಬಿಡಿ" ಎಂದು ರೈಹಾನ ನಡುಪಟ್ಟಿ ಬಿಗಿದು ಹೊರಟೇ ಹೋದಳು.

ಆ ನಡುಪಟ್ಟಿಯನ್ನು ನೋಡಿ ಸಲಾಮತ್‌ಗೆ ಎಲ್ಲ ಒಟ್ಟಿಗೆ ನೆನಪಾಯಿತು. ಹೋಶುರ್ ಈ ಮನೆಗೆ ಕಾಲಿಟ್ಟಿದ್ದೇ ಒಂದು ನಡುಪಟ್ಟಿಯ ದೆಸೆಯಿಂದ. ಅದೂ ಒಂದು ತಪ್ಪಿನಿಂದ. ಎಂಥ ತಪ್ಪು ಅಂತೀರಿ!

ಆಗ ಅವಳಿಗೆ ಹದಿನೆಂಟು. ಅವಳಪ್ಪ ಎರ್ಗಶ್ ಪಾಮಿರ್ ಬೆಟ್ಟದ ದಾರಿಯಲ್ಲಿ ಖೊರೋಗಿನವರೆಗೆ ಲಾರಿ ಓಡಿಸುತ್ತಿದ್ದವನು, ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವನು ಸತ್ತಾಗ ಇದೇ ಬಾಗಿಲಲ್ಲಿ ನಿಲ್ಲಲು ಇದ್ದವನು ಒಬ್ಬ ಕುಂಟು ಸೋದರಳಿಯ ಮಾತ್ರ. ಅವನಿಗೋ ಗಂಟಲಿಲ್ಲ, ಅತ್ತರೆ ಬೆಕ್ಕಿನಮರಿ ಅತ್ತ ಹಾಗೆ. ಇದ್ದಕ್ಕಿದ್ದಂತೆ ಹೊರಗಿನಿಂದ ಒಂದು ಭಾರಿ ದನಿ ಕೇಳಿಸಿತು: "ಅಯ್ಯೋ ನಮ್ಮಪ್ಪಾ! ನಮ್ಮನ್ನ ಬಿಟ್ಟು ಹೋದ್ರಾ ಅಪ್ಪಾ!" ಒಳಗಿನ ಹೆಂಗಸರೆಲ್ಲ ಬೆಚ್ಚಿಬಿದ್ದರು. ಕದದ ಸಂದಿಯಲ್ಲಿ ಇಣುಕಿದರೆ ಎಂದೂ ಕಾಣದ ಹುಡುಗನೊಬ್ಬ, ಗಡ್ಡ ಈಗ ತಾನೇ ಮೂಡಿದವನು, ಹೆಗಲಿನ ಮೂಟೆಯನ್ನು ಗೋಡೆಗೆ ಒರಗಿಸಿ, ನಡುಪಟ್ಟಿ ಕಟ್ಟಿ, ಕಣ್ಣೀರು ಕೋಡಿ ಹರಿಸುತ್ತ ನಿಂತಿದ್ದಾನೆ.

ಗುಸುಗುಸು ಎದ್ದಿತು. "ಲಾರಿ ಓಡಿಸೋರಿಗೆ ಊರಿಗೊಂದು ಒಲೆ ಇರತ್ತಮ್ಮ" ಎಂದು ಯಾರೋ ಯಾರದೋ ಕಿವಿ ಕಚ್ಚಿದರು. "ಮೂಗು ನೋಡಿ, ಎರ್ಗಶಣ್ಣಂದೇ" ಎಂದು ಇನ್ನೊಬ್ಬಳು. ಸಲಾಮತ್‌ಳ ತಾಯಿ ಅನ್ಬರಜ್ಜಿ ಆಗಿನ್ನೂ ಅಜ್ಜಿಯಾಗಿರಲಿಲ್ಲ, ಗಟ್ಟಿಮುಟ್ಟಾದ ಹೆಂಗಸು. ದುಃಖವನ್ನೆಲ್ಲ ಕೊಡವಿಹಾಕಿ ಬೀದಿಬಾಗಿಲಿಗೆ ನುಗ್ಗಿದಳು.

"ಏಯ್, ಯಾರ ಮಗನೋ ನೀನು?"

"ಕಾಶ್ಗರಿನ ನಿಯಾಜನ ಮಗ, ತಾಯಿ."

"ಅದ್ಯಾವ ನಿಯಾಜ? ನನ್ನ ಗಂಡನಿಗೂ ನಿನಗೂ ಏನೋ ಸಂಬಂಧ?"

"ಏನೂ ಇಲ್ಲ ತಾಯಿ. ಅವರನ್ನ ನಾನು ನೋಡೇ ಇಲ್ಲ."

"ನೋಡೇ ಇಲ್ದೋರಿಗೆ ಅಪ್ಪಾ ಅಂತ ಊರಿಗೆಲ್ಲಾ ಕೇಳೋ ಹಾಗೆ ಅಳ್ತಿದೀಯಲ್ಲೋ!"

ಹುಡುಗ ತಬ್ಬಿಬ್ಬಾದ. "ನಮ್ಮ ಹಳ್ಳೀಲಿ ಹಾಗೇ ತಾಯಿ. ಬಾಗಿಲಲ್ಲಿ ಜನ ಕಮ್ಮಿ ಕಂಡ್ರೆ ದಾರೀಲಿ ಹೋಗೋನೂ ನಿಂತ್ಕೋತಾನೆ. ಹಿರಿಯರು ಯಾರು ಸತ್ರೂ ಅಪ್ಪ ಅಂತಾನೇ ಅಳೋದು. ಇಲ್ಲಿ ಹಾಗಲ್ವಾ?"

"ಇಲ್ಲಿ ಹಾಗೆ ಅತ್ರೆ ಹೆಂಡತಿ ಮಾನ ಹರಾಜಾಗತ್ತೆ ಕಣೋ, ಮುಠ್ಠಾಳ!"

ಅವನು ನಡುಪಟ್ಟಿಯ ಗಂಟು ಬಿಚ್ಚತೊಡಗಿದ. ಅನ್ಬರಜ್ಜಿ ಆ ಕೈ ಹಿಡಿದುಕೊಂಡಳು. ಒಂದು ಸಲ ಒಳಗಿನ ಹೆಂಗಸರನ್ನು ನೋಡಿದಳು, ಒಂದು ಸಲ ಬೆಕ್ಕಿನಮರಿಯ ಹಾಗೆ ನಿಂತಿದ್ದ ಸೋದರಳಿಯನನ್ನು ನೋಡಿದಳು.

"ಕಟ್ಟಿದ್ದು ಕಟ್ಟಾಯ್ತು. ಈಗ ಬಿಚ್ಚಿದ್ರೆ ಜನ ಅದೇ ನಿಜ ಅಂತಾರೆ. ಮೂರು ದಿನ ನಿಂತ್ಕೋ. ಹೊಟ್ಟೆಗೆ ನಾನು ಹಾಕ್ತೀನಿ. ಅಳೋದು ಮಾತ್ರ ಚೆನ್ನಾಗಿ ಅಳು."

ಅವನು ಚೆನ್ನಾಗಿಯೇ ಅತ್ತ. ಯಾಕೆಂದರೆ ಅಳುವುದಕ್ಕೆ ಅವನಿಗೆ ತನ್ನದೇ ಬೇಕಾದಷ್ಟಿತ್ತು. ಆ ವರ್ಷವೇ ಊರು ಬಿಟ್ಟು ಹೊರಟ ಜನರ ಜೊತೆ ಗಡಿ ದಾಟಿ ಬಂದಿದ್ದ. ಓಶ್‌ನಲ್ಲಿ ಮಾವನಿದ್ದಾನೆ ಎಂದು ನಂಬಿ ಬಂದರೆ ಮಾವ ಸತ್ತು ಎಷ್ಟೋ ಕಾಲವಾಗಿತ್ತು. ಆ ಮೂಟೆಯಲ್ಲಿದ್ದದ್ದು ಮೇಕೆ ಕೂದಲು. ತಂದೂರು ಕಟ್ಟುವುದು ಅವನ ಕಸುಬು.

ಮೂರನೆಯ ದಿನ ಕಳೆದು ಅವನಿಗೆ ಚಹಾ ಕೊಟ್ಟರು. ಕುಡಿಯುತ್ತ ಅಂಗಳದ ಮೂಲೆಯ ತಂದೂರು ನೋಡಿದ. "ಇದರಲ್ಲಿ ರೊಟ್ಟಿ ಬೂದಿಗೆ ಬೀಳಲ್ವಾ ತಾಯಿ?" ಎಂದ. ಬೀಳುತ್ತಿತ್ತು. ಅದನ್ನು ಒಡೆದು ಹೊಸದು ಕಟ್ಟಿಕೊಟ್ಟ. ಮಣ್ಣಿಗೆ ಮೇಕೆ ಕೂದಲು ಸೇರಿಸಿ, ಕಾಲಲ್ಲಿ ತುಳಿದು, ಬಳೆಯ ಮೇಲೆ ಬಳೆ ಇಟ್ಟ ಹಾಗೆ ಎಬ್ಬಿಸುತ್ತಿದ್ದ. ಒಂದು ಬಳೆ ಒಣಗುವವರೆಗೆ ಇನ್ನೊಂದು ಇಡುತ್ತಿರಲಿಲ್ಲ. ಅವಸರ ಮಾಡಿದವರಿಗೆ "ಮಣ್ಣಿಗೂ ಉಸಿರು ಬೇಡ್ವಾ?" ಎನ್ನುತ್ತಿದ್ದ. ಹಾಗೆ ಒಣಗಿಸುವ ನೆಪದಲ್ಲಿ ಎಷ್ಟು ದಿನ ಬಂದನೋ, ಎಷ್ಟು ಸಲ ಸಲಾಮತ್ ನೀರು ತಂದುಕೊಟ್ಟಳೋ, ಅದು ಅವರವರಿಗೆ ಬಿಟ್ಟದ್ದು.

ಮದುವೆ ಮಾತು ಬಂದಾಗ ಮೊಹಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಅಣ್ಣ ತಂಗಿ ಮದುವೆಯಂತೆ, ಬನ್ನಿರೋ!" ಎಂದು ಚಹಾದಂಗಡಿಯ ಮುದುಕರು ಗೇಲಿ ಮಾಡಿದರು. ಕುಂಟು ಸೋದರಳಿಯ ಮಾತ್ರ ನಿಜಕ್ಕೂ ಗಾಬರಿಯಾಗಿ ಮುಲ್ಲಾನನ್ನು ಕೇಳಲು ಹೋದ. "ನಡುಪಟ್ಟಿಯಿಂದ ರಕ್ತಸಂಬಂಧ ಆಗೋ ಹಾಗಿದ್ರೆ ದರ್ಜಿಗಳೆಲ್ಲಾ ನಮಗೆ ಅಪ್ಪಂದಿರಾಗ್ಬೇಕಿತ್ತು, ಹೋಗಯ್ಯ" ಎಂದು ಮುಲ್ಲಾ ಕಳಿಸಿದರು. ಅನ್ಬರಜ್ಜಿ ಹೇಳಿದ್ದು ಒಂದೇ ಮಾತು: "ಮಗನಾಗಿ ಅತ್ತಿದ್ದಾಯ್ತು, ಅಳಿಯನಾಗಿ ನಗಲಿ."

ಹೋಶುರ್ ನಗಿಸಿದ, ನಕ್ಕ. ಅಂಥ ಗಂಡನನ್ನು ಈ ಬೀದಿ ಮುಂಚೆ ಕಂಡಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಮೂರನೆಯ ಹೆರಿಗೆ ಆದ ಮೇಲೆ ಸಲಾಮತ್‌ಳ ಎದೆ ಕೆಟ್ಟು ಒಂದು ಚಳಿಗಾಲವಿಡೀ ಆಸ್ಪತ್ರೆಯಲ್ಲಿದ್ದಳು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಇವನು ದಿನಾ ಕೈಯಲ್ಲೇ ಎಳೆದ ಉದ್ದನೆಯ ಶಾವಿಗೆ ಬೇಯಿಸಿ, ಮಾಂಸದ ಸಾರು ಬೆರೆಸಿ, ಡಬ್ಬಿಯನ್ನು ನಿಲುವಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಬಂದು ನರ್ಸಿನ ಕೈಗೆ ಕೊಡುತ್ತಿದ್ದ. ಆಮೇಲೆ ಕಿಟಕಿಯ ಕೆಳಗೆ ಹಿಮದಲ್ಲಿ ನಿಂತು ಕೂಗುತ್ತಿದ್ದ: "ಸಲಾಮತ್! ಉಪ್ಪು ಸರಿ ಇದೆಯಾ?" ವಾರ್ಡಿನ ಹೆಂಗಸರೆಲ್ಲ ಕಿಟಕಿಗೆ ಬಂದು "ಉಪ್ಪು ಕಮ್ಮಿ ಅಂತೆ ಉಸ್ತಾದ್, ನಾಳೆ ನಮಗೂ ತನ್ನಿ" ಎಂದು ಕಿಚಾಯಿಸುತ್ತಿದ್ದರು. ಮಾರನೆಯ ದಿನ ನಿಜವಾಗಿಯೂ ದೊಡ್ಡ ಡಬ್ಬಿ ತಂದ. ಸಲಾಮತ್ ನಾಚಿಕೆಯಿಂದ ಹೊದಿಕೆ ಎಳೆದುಕೊಂಡಳು, ಹೊದಿಕೆಯೊಳಗೆ ನಕ್ಕಳು.

ಆ ಚಳಿಗಾಲದಲ್ಲೇ ಅವನು ಹೆಣ್ಣುಮಕ್ಕಳಿಗೆ ಜಡೆ ಹೆಣೆಯುವುದನ್ನೂ ಕಲಿತ. ನಮ್ಮ ಹುಡುಗಿಯರಿಗೆ ಒಂದು ಜಡೆ ಸಾಲದಲ್ಲ, ತಲೆತುಂಬ ಸಣ್ಣ ಸಣ್ಣ ಜಡೆ ಬೇಕು. ಮಣ್ಣು ಮೆತ್ತಿದ ಆ ದಪ್ಪ ಬೆರಳುಗಳಲ್ಲಿ ಬೀದಿಬಾಗಿಲ ಕಟ್ಟೆಯ ಮೇಲೆ ಕೂತು ಹೆಣೆಯುತ್ತಿದ್ದ. "ಉಸ್ತಾದ್, ತಂದೂರಿಗೂ ಜಡೆ ಹಾಕ್ತೀಯಾ?" ಎಂದು ಹೋಗಿಬರುವ ಗಂಡಸರು ಕೆಣಕುತ್ತಿದ್ದರು. "ಹಾಕ್ತಾ ಇದೀನಲ್ಲಪ್ಪ, ಮೇಕೆ ಕೂದಲು ಮತ್ತೆ ಯಾಕೆ?" ಎನ್ನುತ್ತಿದ್ದ. ಮೊದಮೊದಲು ಜಡೆಗಳು ಒಂದೊಂದು ಒಂದೊಂದು ದಿಕ್ಕಿಗೆ ನಿಲ್ಲುತ್ತಿದ್ದವು. ಅವನ ಕಣ್ಣಿಗೆ ಮೂವರೂ ರಾಜಕುಮಾರಿಯರೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳುತ್ತಾರೆಯೇ?

ಗಂಡುಮಗ ಆಗಲಿಲ್ಲವೆಂದು ಜನ ಮರುಕ ತೋರಿಸಿದರೆ ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ಆದರೆ ಊರವರ ಪಾಲಿಗೆ ಮಾತ್ರ ಅವನೇ ಗಂಡುಮಗ. ಯಾರ ಮನೆಯಲ್ಲಿ ಸಾವಾಗಿ ಬಾಗಿಲಲ್ಲಿ ಜನ ಕಡಿಮೆ ಎಂದು ತಿಳಿದರೂ ಕೈಯ ಮಣ್ಣು ತೊಳೆದುಕೊಂಡು, ನಡುಪಟ್ಟಿ ಎತ್ತಿಕೊಂಡು ಹೊರಡುತ್ತಿದ್ದ. ಈಗ ಮೊದಲೇ ಅನುಮತಿ ಕೇಳುತ್ತಿದ್ದ, ಅಷ್ಟೇ. ಅನ್ಬರಜ್ಜಿಯ ಪಾಠ ಮರೆಯುವಂಥದ್ದಲ್ಲವಲ್ಲ! ಒಂದು ಸಲ ಒಬ್ಬ ರಷ್ಯನ್ ಗಡಿಯಾರ ರಿಪೇರಿಯವನು ಸತ್ತಾಗ ಅಲ್ಲಿಗೂ ಹೋಗಿ ನಿಂತ. ಪಾದ್ರಿ ಇವನನ್ನು ನೋಡಿದ, ಇವನು ಪಾದ್ರಿಯನ್ನು ನೋಡಿದ, ಕೊನೆಗೆ ಇಬ್ಬರೂ ತಂತಮ್ಮ ಕೆಲಸ ಮಾಡಿದರು.

"ಊರಿಗೆ ಉಪಕಾರಿ, ಮನೆಗೆ ಮಾರಿ. ಬರೀ ಅಳೋದೇ ಆಯ್ತು ನಿಮ್ಮದು, ಗಂಟಲು ಹರಿದುಹೋಗತ್ತೆ" ಎಂದು ಸಲಾಮತ್ ಗೊಣಗುತ್ತಿದ್ದಳು. ಗೊಣಗುತ್ತಲೇ ಅವನಿಗೆ ಬಿಸಿ ಹಾಲಿಗೆ ಬೆಣ್ಣೆ ಹಾಕಿ ಕೊಡುತ್ತಿದ್ದಳು.

ಅವನ ತಾಯಿ ಸತ್ತ ಸುದ್ದಿ ಬಂದದ್ದು ಮುಚ್ಚಿದ್ದ ಗಡಿ ಮತ್ತೆ ತೆರೆದ ಮೇಲೆ, ಒಬ್ಬ ಕಾಶ್ಗರಿನ ವ್ಯಾಪಾರಿಯ ಬಾಯಿಂದ. ಸತ್ತು ಬಹಳ ಕಾಲವಾಗಿತ್ತು. ಹೋಶುರ್ ಎದ್ದು ನಡುಪಟ್ಟಿ ಕಟ್ಟಿಕೊಂಡು ತನ್ನ ಬೀದಿಬಾಗಿಲಲ್ಲೇ ನಿಂತ. ಒಳಗೆ ಹೆಣವಿಲ್ಲ, ಹಂಡೆಯಲ್ಲಿ ನೀರಿಲ್ಲ, ಹೊರಗೆ ಒಬ್ಬನೇ "ಅಯ್ಯೋ ನಮ್ಮಮ್ಮಾ" ಎಂದು ಅಳುತ್ತಿದ್ದಾನೆ. ಜನಕ್ಕೆ ಏನು ಮಾಡಬೇಕೋ ತೋಚಲಿಲ್ಲ, ತಲೆ ತಗ್ಗಿಸಿ ಹೋದರು. ಆಗ ಹಣ್ಣುಹಣ್ಣು ಮುದುಕಿಯಾಗಿದ್ದ ಅನ್ಬರಜ್ಜಿ ಒಂದು ಮಣೆ ಎಳೆದುಕೊಂಡು ಹೋಗಿ ಅಳಿಯನ ಪಕ್ಕದಲ್ಲಿ ಕೂತಳು. "ಹೆಂಗಸು ಬಾಗಿಲಲ್ಲಿ ಕೂತ್ರೆ ನಗ್ತಾರಮ್ಮ" ಎಂದು ಸಲಾಮತ್ ಕರೆದರೆ, "ಹಲ್ಲಿದ್ದೋರು ನಗ್ಲಿ ಬಿಡೇ. ನನ್ನ ಗಂಡನಿಗೆ ಇವನು ಅತ್ತ. ಇವನ ತಾಯಿಗೆ ನಾನು ಅಳಬಾರದಾ?" ಎಂದಳು. ಮೂರು ದಿನವೂ ಎದ್ದು ಒಳಗೆ ಬರಲಿಲ್ಲ ಮುದುಕಿ.

ಇದೆಲ್ಲ ನೆನಪಾಗಿ ಸಲಾಮತ್ ಗಂಡನ ತಲೆಯ ಬಳಿ ಕೂತಿದ್ದಳು. ಹೊರಗೆ ರೈಹಾನಳ ಸಣ್ಣ ದನಿ ಕೇಳುತ್ತಿತ್ತು, ಒಂಟಿ ದನಿ. ಅಷ್ಟರಲ್ಲಿ, ದೇವರಾಣೆ, ಅದೇ ಹಳೆಯ ದಿನ ಮತ್ತೆ ಬಂದಂತೆ ಒಂದು ಭಾರಿ ಗಂಡುದನಿ ಬೀದಿಬಾಗಿಲಲ್ಲಿ ಒಡೆಯಿತು.

"ಅಯ್ಯೋ ನಮ್ಮಪ್ಪಾ! ನಮ್ಮನ್ನ ಬಿಟ್ಟು ಹೋದ್ರಾ ಅಪ್ಪಾ!"

ಮೈರಾಂ ಓಡಿ ಹೋಗಿ ಇಣುಕಿ ಬಂದಳು. ಸಲಾಮತ್‌ಳ ಪಕ್ಕದಲ್ಲಿ ಕುಕ್ಕರಿಸಿದಳು. "ಯಾರೋ ಗಡ್ಡ ನರೆತೋನು ಕಣೇ. ಈ ಮೊಹಲ್ಲಾದೋನಲ್ಲ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಉಸ್ತಾದ್ ಆ ಕಡೆ ಇದ್ದಾಗ ಏನಾದ್ರೂ... ಮದುವೆ ಗಿದುವೆ..."

ಲೆಕ್ಕ ಹಾಕಬಾರದೆಂದರೂ ಸಲಾಮತ್‌ಳ ತಲೆ ಲೆಕ್ಕ ಹಾಕಿಯೇಬಿಟ್ಟಿತು. ಬಂದಾಗ ಹೋಶುರನಿಗೆ ಇಪ್ಪತ್ತು ದಾಟಿತ್ತು. ಆಗಬಹುದಿತ್ತು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದನೇ? ಸತ್ತ ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು. ಮುಖದ ಮೇಲಿನ ಬಟ್ಟೆಯ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಮಂಡಿ ನೋವು ಮರೆತು, ತಲೆವಸ್ತ್ರ ಸರಿಮಾಡಿಕೊಂಡು ಬೀದಿಬಾಗಿಲಿಗೆ ನಡೆದಳು.

ರೈಹಾನಳ ಪಕ್ಕದಲ್ಲಿ ಅಗಲವಾದ ಎದೆಯ ಕಿರ್ಗಿಜ್ ಗಂಡಸೊಬ್ಬ ನಿಂತಿದ್ದ. ಬಿಸಿಲಿಗೆ ಸುಟ್ಟ ಕೆನ್ನೆ, ಬಿಳಿ ಟೋಪಿ, ನಡುವಿನಲ್ಲಿ ಬಿಗಿದ ಪಟ್ಟಿ.

"ಯಾರ ಮಗನಪ್ಪ ನೀನು?" ಎಂದಳು ಸಲಾಮತ್. ಕೇಳಿದ ಮೇಲೆ ತನ್ನ ಬಾಯಲ್ಲಿ ಅಮ್ಮನೇ ಮಾತಾಡಿದ ಹಾಗೆ ಅನ್ನಿಸಿತು.

"ಅಲಾಯ್ ಬೆಟ್ಟದ ಕುರುಬ ಇಸಾನ ಮಗ, ತಾಯಿ. ಕುಬಾತ್ ಅಂತ."

"ಉಸ್ತಾದರಿಗೂ ನಿನಗೂ ಏನು ಸಂಬಂಧ?"

"ನಮ್ಮಪ್ಪ ಈ ಊರಿನ ಆಸ್ಪತ್ರೇಲಿ ತೀರ್ಕೊಂಡ್ರು. ನನಗಾಗ ಹದಿನೆಂಟು. ಊರಲ್ಲಿ ಒಬ್ರೂ ಗೊತ್ತಿಲ್ಲ. ಬಾಡಿಗೆ ಕೋಣೆ ಬಾಗಿಲಲ್ಲಿ ಒಬ್ನೇ ನಿಂತಿದ್ದೆ, ಅಳೋಕೂ ಬರ್ತಿರ್ಲಿಲ್ಲ. ಇವರು ಮಣ್ಣಿನ ಗಾಡಿ ತಳ್ಕೊಂಡು ಆ ದಾರೀಲಿ ಹೋಗ್ತಿದ್ರು. ಗಾಡಿ ನಿಲ್ಲಿಸಿದ್ರು. 'ನಾನೂ ನಿಲ್ಲಬಹುದಾ ತಮ್ಮಾ?' ಅಂದ್ರು. ಅವರು ನಮ್ಮಪ್ಪನಿಗೆ ಅಳೋದು ನೋಡಿ ನನಗೂ ಅಳು ಬಂತು ತಾಯಿ. ಆಮೇಲೆ ಲಾರೀಲಿ ನನ್ನ ಜೊತೆ ಬೆಟ್ಟದವರೆಗೂ ಬಂದು ಮಣ್ಣು ಹಾಕಿ ಹೋದ್ರು. ಈಗ ನಾನು ಈ ಊರಲ್ಲೇ ಕುರಿ ಸಂತೇಲಿರೋದು. ಬೆಳಿಗ್ಗೆ ರೊಟ್ಟಿ ಮಾರೋನು ಹೇಳ್ದ, ಬಂದೆ."

ಸಲಾಮತ್‌ಗೆ ಗೊತ್ತಾಯಿತು. ಒಂದು ಸಲ ದಿನಗಟ್ಟಲೆ ಮನೆಗೆ ಬಾರದೆ, ಬಂದವನು "ಬೆಟ್ಟದಲ್ಲೊಂದು ತಂದೂರು ಕೆಲಸ ಇತ್ತು" ಎಂದಿದ್ದ. ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಅವಳ ಮುಖ ನೋಡಿ ಕುಬಾತ್ ಹೆದರಿದ. "ನಾನು ಅಪ್ಪಾ ಅಂದಿದ್ದು ತಪ್ಪಾಯ್ತೇನೋ ತಾಯಿ. ನನಗೆ ಅಳೋದು ಕಲಿಸಿದ್ದೇ ಅವರು, ಹಾಗೇ ಬಂದ್ಬಿಡ್ತು. ಕೇಳದೆ ಕಟ್ಟಿದ್ದೂ ತಪ್ಪೇ" ಎಂದು ನಡುಪಟ್ಟಿಯ ಗಂಟಿಗೆ ಕೈ ಹಾಕಿದ.

ಸಲಾಮತ್ ಆ ಕೈ ಹಿಡಿದುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ರೈಹಾನಳಿಗೂ ತಿಳಿಯಲಿಲ್ಲ.

"ಕಟ್ಟಿದ್ದು ಕಟ್ಟಾಯ್ತು ಮಗನೇ. ಬಿಚ್ಚಬೇಡ. ಚೆನ್ನಾಗಿ ಅಳು."

ಆಮೇಲೆ ಬಂದರು ನೋಡಿ. ಗಡಿಯಾರದವನ ಮಗ ಟೋಪಿ ಕೈಯಲ್ಲಿ ಹಿಡಿದು ಬಂದು, ಪಟ್ಟಿ ಕಟ್ಟಲು ಬಾರದೆ, ಕುಬಾತ್‌ನ ಕೈಲಿ ಕಟ್ಟಿಸಿಕೊಂಡು ನಿಂತ. ಸಂತೆಯ ರೊಟ್ಟಿ ಮಾರುವವರು ಬಂದರು. ಎಂದೋ ಯಾವುದೋ ಬಾಗಿಲಲ್ಲಿ ಒಂಟಿಯಾಗಿ ನಿಂತಿದ್ದವರು, ಪಕ್ಕದಲ್ಲಿ ಈ ಕಾಶ್ಗರಿನವನನ್ನು ಕಂಡು ಉಸಿರು ಬಿಟ್ಟಿದ್ದವರು, ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಮೈರಾಂ ತನ್ನ ಗಂಡನನ್ನೂ ದೂಡಿಕೊಂಡು ಬಂದಳು. ಮಧ್ಯಾಹ್ನ ಹೋಶುರನನ್ನು ಎತ್ತಿದಾಗ ಸಾಲು ಬೀದಿಯ ತಿರುವು ದಾಟಿತ್ತು. "ಈ ಮನುಷ್ಯ ಹೇಗಿದ್ದ?" ಎಂದು ವಾಡಿಕೆಯಂತೆ ಇಮಾಮರು ಕೇಳಿದಾಗ, "ಒಳ್ಳೆಯವನಾಗಿದ್ದ" ಎಂದು ಎದ್ದ ದನಿಗೆ ಮರದ ಮೇಲಿನ ಕಾಗೆಗಳು ಹಾರಿಹೋದವು. ಒಳಗೆ ಕೂತಿದ್ದ ಸಲಾಮತ್‌ಗೂ ಕೇಳಿಸಿತು.

ದೊಡ್ಡ ಅಳಿಯ ಶೌಕತ್ ರಷ್ಯಾದಿಂದ ಬಂದು ಮುಟ್ಟಿದ್ದು ಮೂರನೆಯ ದಿನ ಬೆಳಿಗ್ಗೆ. ಎರಡನೆಯವನು ಇನ್ನೂ ದಾರಿಯಲ್ಲಿದ್ದ. ಶೌಕತ್ ವಿಮಾನದಿಂದ ಇಳಿದವನೇ ಓಡೋಡಿ ಬಂದ. ದಾರಿಯುದ್ದಕ್ಕೂ ಖಾಲಿ ಬಾಗಿಲನ್ನು ನೆನೆದು ಅತ್ತಿದ್ದನಂತೆ, ಕಣ್ಣು ಕೆಂಪಗಿತ್ತು. ಬೀದಿ ತಿರುಗಿ ಸಾಲು ನೋಡಿ ದಂಗಾಗಿ ನಿಂತ. ಆಮೇಲೆ ನಡುಪಟ್ಟಿ ಬಿಗಿದುಕೊಂಡು, ಹಕ್ಕಿನ ಜಾಗ ಎಂದು ನೇರವಾಗಿ ಬಾಗಿಲ ಬಳಿಗೆ ಹೋಗಿ ನುಸುಳಲು ನೋಡಿದ.

ಕುಬಾತ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾರಪ್ಪ ನೀನು?"

"ನಾನು ಅಳಿಯ ಕಣ್ರೀ. ದೊಡ್ಡ ಅಳಿಯ!"

"ಇರ್ಲಿ ಬಿಡು ತಮ್ಮಾ. ಇಲ್ಲಿರೋರೆಲ್ಲ ಮಕ್ಕಳು. ಆಮೇಲೆ ಬಂದೋರು ಕೊನೆಗೆ ನಿಂತ್ಕೋಬೇಕು" ಎಂದು ಅವನು ಬೀದಿಯ ತಿರುವಿನ ಕಡೆ ಕೈ ತೋರಿಸಿದ.

ಶೌಕತ್ ಅತ್ತ ಇತ್ತ ನೋಡಿ, ಸಾಲಿನ ಕೊನೆಗೆ ಹೋಗಿ ನಿಂತು ಅತ್ತ. ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡ ಸಲಾಮತ್ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಸತ್ತ ಮೂರನೆಯ ದಿನ ಹೆಂಗಸು ನಗಬಾರದು.